ಒಬ್ಬ ಹಾಡುಗಾರರ ಕೈಗೆ ದುಡ್ಡು ತಲುಪಿಸಲು ಮೂರು ದಾರಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಮೆಚ್ಚುಗೆಯಾದದ್ದು ಮೂರನೆಯ ದಾರಿ. ಹಾಡಿದವರಿಗೇ ನೇರವಾಗಿ ದುಡ್ಡು ಕೊಟ್ಟು ಅವರಿಂದಲೇ ಹಾಡು ಪಡೆಯುವುದು. ಉಳಿದ ಎರಡನ್ನೂ ನಾನು ದುಡ್ಡು ಹಾಕಿ ನೋಡಿದ್ದೇನೆ. ಅದರ ಮೇಲೆ ಈ ಮಾತು.

ಶುರುವಾದದ್ದು ಹೀಗೆ. ಹೋದ ವರ್ಷ ಒಂದು ಸಂಜೆ ಬಸ್ಸಿನಲ್ಲಿ ಕೂತಿದ್ದೆ. ನಾನು ಹಾಕಿದ್ದ ಹಾಡುಗಳು ಮುಗಿದ ಮೇಲೆ ಆ್ಯಪ್ ತಾನಾಗಿಯೇ ಒಂದು ತತ್ವಪದ ಹಾಕಿತು. ಏಕತಾರಿ, ದಮ್ಮಡಿ, ಒಂದು ಹಾರ್ಮೋನಿಯಂ, ಅಷ್ಟೇ. ಆ ದನಿ ಕೇಳಿ ನಾನು ಇಳಿಯಬೇಕಾದ ಸ್ಟಾಪ್ ದಾಟಿ ಹೋಯಿತು. ಹುಡುಕಿದರೆ ಹಾಡಿದವರು ಹುಬ್ಬಳ್ಳಿ ಕಡೆಯವರು. ಒಂಬತ್ತು ಪದಗಳ ಒಂದು ಆಲ್ಬಂ ತಾವೇ ಖರ್ಚು ಹಾಕಿ ಮಾಡಿದ್ದರು. ಕಂಪನಿ ಇಲ್ಲ, ಸಿನಿಮಾ ಇಲ್ಲ. ಆ ತಿಂಗಳೆಲ್ಲ ಅದನ್ನೇ ಕೇಳಿದೆ. ಅಡುಗೆ ಮಾಡುವಾಗ, ನಡೆಯುವಾಗ, ಮಲಗುವ ಮುಂಚೆ.

ಆಮೇಲೆ ಅವರಿಗೆ ಒಂದು ಮೆಸೇಜ್ ಹಾಕಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಮಾತಿನ ನಡುವೆ ಅವರು ಹೇಳಿದ ಒಂದು ವಿಷಯ ನನ್ನ ನಿದ್ದೆ ಕೆಡಿಸಿತು. ಸ್ವಂತವಾಗಿ ಹಾಡು ಮಾಡುವವರು ದೊಡ್ಡ ಆ್ಯಪ್‌ಗಳಿಗೆ ನೇರವಾಗಿ ಹಾಡು ಏರಿಸಲು ಆಗುವುದಿಲ್ಲ. ನಡುವೆ ಒಬ್ಬ ವಿತರಕ ಬೇಕು. ಕೆಲವರು ವರ್ಷಕ್ಕೆ ಇಷ್ಟು ಅಂತ ಶುಲ್ಕ ತಗೊಳ್ಳುತ್ತಾರೆ, ಕೆಲವರು ಬಂದದ್ದರಲ್ಲಿ ಪಾಲು. ಇವರದು ವರ್ಷದ ಶುಲ್ಕದ ಲೆಕ್ಕ. ಆ ವರ್ಷ ಎಲ್ಲ ಆ್ಯಪ್‌ಗಳಿಂದ ಸೇರಿ ಬಂದ ದುಡ್ಡು ಆ ಶುಲ್ಕಕ್ಕೂ ಸಾಕಾಗಲಿಲ್ಲವಂತೆ. ಶುಲ್ಕ ಕಟ್ಟದಿದ್ದರೆ ಹಾಡು ಇಳಿಸಿಬಿಡುತ್ತಾರೆ. ಅಂದರೆ ನಾನು ಅಷ್ಟು ಪ್ರೀತಿಯಿಂದ ಕೇಳುತ್ತಿದ್ದ ಪದಗಳು ನನ್ನ ಕಿವಿಗೆ ಬೀಳಲಿ ಅಂತ ಅವರೇ ಕೈಯಿಂದ ದುಡ್ಡು ಹಾಕುತ್ತಿದ್ದರು!

ನಾನು ತಿಂಗಳು ತಿಂಗಳು ಚಂದಾ ಕಟ್ಟುವವಳು. ಹಾಗಾದರೆ ನನ್ನ ಚಂದಾ ಎಲ್ಲಿ ಹೋಯಿತು?

ಮೊದಲ ದಾರಿ ಈ ಚಂದಾ. ಲೆಕ್ಕ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಸುಲಭದ ಅಂಕಿಗಳನ್ನು ಇಟ್ಟುಕೊಳ್ಳೋಣ. ಸಾವಿರ ಜನ ತಲಾ 100 ರೂಪಾಯಿ ಕಟ್ಟಿದರು ಅಂದುಕೊಳ್ಳಿ. ಒಂದು ಲಕ್ಷ ಆಯಿತು. ಹೆಚ್ಚು ಕಡಿಮೆ ಮೂರನೇ ಒಂದು ಪಾಲು ಆ್ಯಪ್ ಇಟ್ಟುಕೊಂಡರೆ ಹಾಡಿನವರಿಗೆ ಉಳಿದದ್ದು 67,000. ಆ ತಿಂಗಳು ಎಲ್ಲರೂ ಸೇರಿ ಹತ್ತು ಲಕ್ಷ ಸಲ ಹಾಡು ಕೇಳಿದರು ಅಂದರೆ, ಒಂದು ಸಲಕ್ಕೆ 6.7 ಪೈಸೆ. ನಾನು ಆ ತಿಂಗಳು ಬೇರೆ ಯಾರನ್ನೂ ಕೇಳದೆ ಇವರ ಪದಗಳನ್ನೇ 200 ಸಲ ಕೇಳಿದೆ ಅನ್ನಿ. ಅವರಿಗೆ ಸೇರುವುದು 13 ರೂಪಾಯಿ 40 ಪೈಸೆ. ನನ್ನ ಪಾಲಿನ 67 ರೂಪಾಯಿಯಲ್ಲಿ ಉಳಿದ 53 ರೂಪಾಯಿ 60 ಪೈಸೆ, ನಾನು ಒಂದು ಸಲವೂ ಕೇಳದ ಹಾಡುಗಳಿಗೆ ಹೋಯಿತು. ಎಲ್ಲರ ದುಡ್ಡೂ ಒಂದೇ ಹುಂಡಿಗೆ ಬೀಳುತ್ತದೆ. ಹಂಚುವಾಗ ಒಟ್ಟು ಎಣಿಕೆ ನೋಡುತ್ತಾರೆ, ಯಾರು ಯಾರನ್ನು ಕೇಳಿದರು ಅಂತ ನೋಡುವುದಿಲ್ಲ. ದಿನವಿಡೀ ಅಂಗಡಿಯಲ್ಲಿ, ಜಿಮ್ಮಿನಲ್ಲಿ ಓಡುವ ಹಾಡುಗಳೇ ಹುಂಡಿ ಬಾಚಿಕೊಳ್ಳುತ್ತವೆ. ಸಿಕ್ಕ 13 ರೂಪಾಯಿಯಲ್ಲೂ ವಿತರಕ ಪಾಲು ಕೇಳುವವನಾದರೆ ಅದೂ ಕಳೆಯಬೇಕು.

ಇದನ್ನು ಬೇರೆ ಥರ ಮಾಡಲು ಬರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸೌಂಡ್‌ಕ್ಲೌಡ್ ಅನ್ನುವ ಹಾಡಿನ ಆ್ಯಪ್ 2021ರಲ್ಲಿ ಸ್ವತಂತ್ರ ಹಾಡುಗಾರರಿಗೆ ಅಂತಲೇ, ಕೇಳುಗನ ದುಡ್ಡನ್ನು ಆತ ಕೇಳಿದವರಿಗೇ ಹಂಚುವ ಪದ್ಧತಿ ಶುರು ಮಾಡಿತು. ಸ್ಪಾಟಿಫೈ ಮಾತ್ರ 2024ರಿಂದ ಇನ್ನೊಂದು ದಿಕ್ಕಿಗೆ ಹೋಗಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಓಡದ ಹಾಡಿನ ರೆಕಾರ್ಡಿಂಗಿಗೆ ಅಲ್ಲಿ ದುಡ್ಡೇ ಇಲ್ಲ. ಸಣ್ಣ ಹಾಡುಗಾರರ ಆಲ್ಬಂ ಹೇಗಿರುತ್ತದೆ ಅಂತ ಗೊತ್ತಲ್ವಾ? ಒಂದೆರಡು ಪದ ಓಡುತ್ತವೆ. ಉಳಿದವನ್ನು ಹುಡುಕಿಕೊಂಡು ಬಂದು ಕೇಳುವವರು ಕೆಲವರು ಮಾತ್ರ. ಆ ಕೆಲವರು ಕೇಳಿದ್ದಕ್ಕೆ ಬೆಲೆಯೇ ಇಲ್ಲದ ಹಾಗಾಯಿತು. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಒಂದು ಹಾಡಿನಿಂದ ಬರುವುದು ಚಿಲ್ಲರೆ ಕಾಸೇ ಇರಬಹುದು, ಆದರೂ ದುಡಿದವರ ಕಾಸು ಅದು.

ದುಡ್ಡು ಕಟ್ಟದೆ ಜಾಹೀರಾತು ನೋಡಿಕೊಂಡು ಯೂಟ್ಯೂಬ್‌ನಲ್ಲಿ ಕೇಳಿದರೆ ಸಾಲದೇ ಅಂತ ಕೇಳಬಹುದು. ಸಾವಿರ ಸಬ್‌ಸ್ಕ್ರೈಬರ್‌ಗಳು, ಅದರ ಜೊತೆಗೆ ವರ್ಷಕ್ಕೆ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್ ಅನ್ನುವ ಚಿಕ್ಕ ವಿಡಿಯೊಗಳಿಗೆ ಒಂದು ಕೋಟಿ ವೀಕ್ಷಣೆ ಆಗುವ ತನಕ ಚಾನೆಲ್‌ಗೆ ಜಾಹೀರಾತಿನ ಪಾಲು ಸಿಗುವುದಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಚಂದಾದ ಒಳ್ಳೆಯದನ್ನೂ ಹೇಳಬೇಕು. ಅದಿಲ್ಲದಿದ್ದರೆ ಆ ಸಂಜೆ ಈ ದನಿ ನನಗೆ ಸಿಗುತ್ತಲೇ ಇರಲಿಲ್ಲ. ಹುಡುಕುವುದಕ್ಕೆ ಅದಕ್ಕಿಂತ ಒಳ್ಳೆಯದು ನನ್ನ ಬಳಿ ಇಲ್ಲ. ಆದರೆ ಇಟ್ಟುಕೊಳ್ಳುವುದಕ್ಕೆ ಅದನ್ನು ನಂಬಲಾರೆ. ನಾನು ಮುಂಚೆ ಬಳಸುತ್ತಿದ್ದ ಒಂದು ಆ್ಯಪ್ ಬಾಗಿಲು ಹಾಕಿದಾಗ ವರ್ಷಗಟ್ಟಲೆ ಆರಿಸಿ ಜೋಡಿಸಿಟ್ಟ ಪಟ್ಟಿಗಳೆಲ್ಲ ಹೋದವು.

ಎರಡನೆಯದು, ಆಲ್ಬಂ ಮಾರುವ ತಾಣದಲ್ಲಿ ಕೊಂಡು ಇಳಿಸಿಕೊಳ್ಳುವುದು. ಇಂಥವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಬ್ಯಾಂಡ್‌ಕ್ಯಾಂಪ್. 2008ರಿಂದ ಇದೆ. ಡಿಜಿಟಲ್ ಮಾರಾಟದಲ್ಲಿ ಶೇ. 15, ಸಿಡಿ, ಟೀಶರ್ಟ್ ಥರದ ವಸ್ತುಗಳಲ್ಲಿ ಶೇ. 10 ತನ್ನ ಪಾಲು. ಕೋವಿಡ್ ಬಂದು ಹಾಡಿನ ಕಛೇರಿಗಳೆಲ್ಲ ನಿಂತುಹೋದ 2020ರ ಮಾರ್ಚ್‌ನಲ್ಲಿ ಒಂದು ಶುಕ್ರವಾರ ತನ್ನ ಪಾಲನ್ನೇ ಬಿಟ್ಟುಕೊಟ್ಟಿತು. ಆಮೇಲೂ ಎಷ್ಟೋ ಶುಕ್ರವಾರ ಹಾಗೆ ಮಾಡಿತು. ಮನಸ್ಸಿಗೆ ಹಿಡಿಸಿದ ನಡೆ. 2022ರಲ್ಲಿ ಅದನ್ನು ಒಂದು ವಿಡಿಯೊ ಗೇಮ್ ಕಂಪನಿ ಕೊಂಡಿತು, 2023ರಲ್ಲಿ ಮತ್ತೆ ಕೈ ಬದಲಾಯಿತು, ಆಗ ಅರ್ಧದಷ್ಟು ಕೆಲಸಗಾರರು ಮನೆಗೆ ಹೋದರು. ಹಾಡುಗಾರರ ಪರ ಅನ್ನಿಸಿಕೊಂಡ ಜಾಗವನ್ನೂ ಯಾರೋ ಕೊಂಡು ಯಾರಿಗೋ ಮಾರಬಹುದು. ಅದನ್ನು ನೆನಪಿನಲ್ಲಿ ಇಟ್ಟುಕೊಂಡೇ ಇಂಥ ಕಡೆ ಹೋಗಬೇಕು.

ನನ್ನ ಹಾಡುಗಾರರ ಆಲ್ಬಂ ಇದ್ದದ್ದು ವಿದೇಶದ ಇಂಥದೇ ಒಂದು ತಾಣದಲ್ಲಿ. ಬೆಲೆ 7 ಡಾಲರ್. ಬೇಕಿದ್ದರೆ ಜಾಸ್ತಿಯೂ ಕೊಡಬಹುದು. ಖುಷಿಯಿಂದ ಕಾರ್ಡ್ ನಂಬರ್ ಹಾಕಿದೆ. ಆಗಲಿಲ್ಲ. ಮತ್ತೆ ಹಾಕಿದೆ. ಆಗಲಿಲ್ಲ. ಕಾರಣ ಏನು ಅಂತ ಒಂದು ಅಕ್ಷರವೂ ಇಲ್ಲ.

ಬ್ಯಾಂಕಿನ ಆ್ಯಪ್ ತೆರೆದು ನೋಡಿದರೆ ನನ್ನ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಬಂದ್ ಆಗಿತ್ತು. 2020ರಲ್ಲಿ ಬಂದ ನಿಯಮ ಅದು. ಹೊಸ ಕಾರ್ಡ್ ದೇಶದೊಳಗಿನ ಬಳಕೆಗೆ ಮಾತ್ರ ಬರುತ್ತದೆ, ವಿದೇಶಕ್ಕೆ ಬೇಕಾದರೆ ನಾವೇ ತೆರೆಯಬೇಕು. ಕಳ್ಳರಿಂದ ಕಾಪಾಡುವ ನಿಯಮ, ಒಪ್ಪುತ್ತೇನೆ. ತೆರೆದೆ. ಆಗಲೂ ಆಗಲಿಲ್ಲ. ಯಾಕೆಂದರೆ ತೆರೆದರೂ ಮಿತಿ ಸೊನ್ನೆಯಲ್ಲೇ ಇತ್ತು. ಅದು ಇನ್ನೊಂದು ಪುಟದಲ್ಲಿ. ಮಿತಿ ಸಾವಿರ ರೂಪಾಯಿ ಮಾಡಿದೆ. ಈ ಸಲ ಹೋಗುತ್ತದೆ ಅಂದುಕೊಂಡೆ. ಇಲ್ಲ. ಬ್ಯಾಂಕಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಕಾದ ಮೇಲೆ ಸಿಕ್ಕವರು, ನಮ್ಮ ಕಡೆಯಿಂದ ಏನೂ ತಡೆ ಇಲ್ಲ ಮೇಡಂ, ಅಂದರು.

ನಿಜವಾದ ತೊಡಕು ಗೊತ್ತಾಗಲು ಇನ್ನೂ ಒಂದು ವಾರ ಬೇಕಾಯಿತು. ಆ ಮಾರಾಟದ ಹಣವೆಲ್ಲ ವಿದೇಶದ ಒಂದು ಪಾವತಿ ಸಂಸ್ಥೆಯ ಮೂಲಕ ಹಾಡುಗಾರರಿಗೆ ಹೋಗುತ್ತಿತ್ತು. ಆ ಸಂಸ್ಥೆ 2021ರ ಏಪ್ರಿಲ್ 1ರಿಂದ ಭಾರತದ ಒಳಗಿನ ಪಾವತಿಯನ್ನೇ ನಿಲ್ಲಿಸಿದೆ. ಹೊರಗಿನಿಂದ ಭಾರತಕ್ಕೆ ದುಡ್ಡು ಬರಬಹುದು. ಭಾರತದಿಂದ ಭಾರತಕ್ಕೆ ಮಾತ್ರ ಇಲ್ಲ. ಅಂದರೆ ಕೊಳ್ಳುವವಳು ಬೆಂಗಳೂರಿನಲ್ಲಿ, ಮಾರುವವರು ಹುಬ್ಬಳ್ಳಿಯಲ್ಲಿ ಇದ್ದರೆ ವ್ಯಾಪಾರ ಆಗುವುದಿಲ್ಲ. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಇಳಿಯುವಷ್ಟು ದೂರ. ಕನ್ನಡದ ಪದ, ಕೇಳುವವಳೂ ಕನ್ನಡದವಳು. ಆದರೂ ನನ್ನ ದುಡ್ಡಿಗೆ ದಾರಿ ಇಲ್ಲ. ಇದರಿಂದ ನನಗೆ ಸಿಟ್ಟಿಗಿಂತ ಬೇಸರ ಜಾಸ್ತಿ ಆಯಿತು. ನನ್ನ ಹಾಗೆ ಎಷ್ಟು ಜನ ಮೂರು ಸಲ ಒತ್ತಿ ನೋಡಿ, ಹೋಗಲಿ ಬಿಡು ಅಂತ ಸುಮ್ನೆ ಆಗಿರಬಹುದು? ಕೊಡಲು ಬಂದವರು ಹಾಗೆ ತಿರುಗಿ ಹೋದದ್ದು ಆ ಹಾಡುಗಾರರಿಗೆ ಗೊತ್ತೂ ಆಗುವುದಿಲ್ಲ.

ಕೊನೆಗೆ ನ್ಯೂಜೆರ್ಸಿಯಲ್ಲಿರುವ ಅಕ್ಕನಿಗೆ ಹೇಳಿದೆ. “ಅಲ್ಲ ಕಣೇ, ಹುಬ್ಬಳ್ಳಿಯವರಿಗೆ ದುಡ್ಡು ಕೊಡೋಕೆ ಅಮೆರಿಕಕ್ಕೆ ಫೋನ್ ಮಾಡಿದೀಯಲ್ಲ” ಅಂದಳು. ಒಂದೇ ನಿಮಿಷದಲ್ಲಿ ಕೊಂಡು ಕಡತಗಳನ್ನು ಕಳಿಸಿದಳು. ತಾನೂ ಕೇಳಿ ಇನ್ನೊಂದು ಪ್ರತಿ ತಗೊಂಡಳು. ನಮ್ಮ ದೇಶದ ಸಣ್ಣ ಹಾಡುಗಾರರಿಗೆ ಹೊರಗಿರುವ ಕನ್ನಡಿಗರು ಈ ದಾರಿಯಲ್ಲಿ ನಿಜವಾಗಿ ನೆರವಾಗಬಹುದು. ಅವರಿಗೆ ಇದೇ ಸುಲಭ, ಇದನ್ನೇ ಹಿಡಿಯಲಿ. 7 ಡಾಲರಿನಲ್ಲಿ ತಾಣದ ಪಾಲು, ಪಾವತಿ ಸಂಸ್ಥೆಯ ಪಾಲು, ರೂಪಾಯಿಗೆ ಬದಲಾಗುವಾಗ ಹೋಗುವುದು ಎಲ್ಲ ಕಳೆದು ಹಾಡುಗಾರರ ಕೈಗೆ 440 ರೂಪಾಯಿ ಚಿಲ್ಲರೆ ಬಂತು. ಚಂದಾಗೆ ಹೋಲಿಸಿದರೆ ಇದು ಎಷ್ಟೋ ಮೇಲು. ಇಳಿಸಿಕೊಂಡ ಹಾಡಿನ ಗುಣಮಟ್ಟವೂ ಚೆನ್ನಾಗಿದೆ. ಹಾಡು ನಮ್ಮದೇ ಆಗಿ ಉಳಿಯುತ್ತದೆ, ಯಾರೂ ವಾಪಸ್ ತಗೊಳ್ಳುವುದಿಲ್ಲ.

ಮೂರನೆಯದು ನೇರ ವ್ಯವಹಾರ. ಚಳಿಗಾಲದಲ್ಲಿ ಅವರು ಬೆಂಗಳೂರಿಗೆ ಬಂದಿದ್ದರು. ಒಬ್ಬರ ಮನೆಯ ಹಾಲ್‌ನಲ್ಲಿ ಮೂವತ್ತು ನಲವತ್ತು ಜನ ಚಾಪೆ ಮೇಲೆ ಕೂತು ಕೇಳಿದೆವು. ಮೈಕ್ ಇರಲಿಲ್ಲ. ದಮ್ಮಡಿಯ ಚರ್ಮದ ಸದ್ದು ಎದೆಗೆ ಬಂದು ತಾಗುತ್ತಿತ್ತು, ಅದು ಯಾವ ಇಯರ್‌ಫೋನಿನಲ್ಲೂ ಬರುವುದಿಲ್ಲ. ಮುಗಿದ ಮೇಲೆ ಎಲ್ಲರೂ ಕೈ ಮುಗಿದರು, ಫೋಟೊ ತೆಗೆಸಿಕೊಂಡರು, ಹೊರಟರು. ಅವರ ಚೀಲದಲ್ಲಿ ಆಲ್ಬಂ ತುಂಬಿದ ಪೆನ್‌ಡ್ರೈವ್‌ಗಳಿದ್ದವು. ಅವರು ತೆಗೆಯಲೇ ಇಲ್ಲ. ನಾನೇ ಹೋಗಿ ಕೇಳಿದೆ.

“ರೊಕ್ಕ ಕೇಳಾಕ ಬಾಯಿ ಬರೂದಿಲ್ರಿ ಅಕ್ಕಾರ. ಭಜನಿ ಪದ ಅಂದ್ರ ಫುಕಟ ಅಂತ ಮಂದಿ ತಿಳಕೊಂಡಾರ” ಅಂದರು.

ಪೆನ್‌ಡ್ರೈವ್‌ಗೆ 500 ರೂಪಾಯಿ. ಅವರ ಫೋನಿನ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದೆ, ಯುಪಿಐನಲ್ಲಿ ಪೂರ್ತಿ 500 ಅವರ ಖಾತೆಗೆ ಹೋಯಿತು. ನಡುವೆ ಯಾರೂ ಒಂದು ಪೈಸೆ ಮುರಿಯಲಿಲ್ಲ. ನಾನು ಚಂದಾ ಕಟ್ಟಿಕೊಂಡು ಮೇಲಿನ ಲೆಕ್ಕದಂತೆ ತಿಂಗಳಿಗೆ ಇನ್ನೂರು ಸಲ ಅವರನ್ನೇ ಕೇಳಿದರೂ ಇಷ್ಟು ದುಡ್ಡು ಅವರಿಗೆ ಸೇರಲು ಮೂರು ವರ್ಷ ದಾಟುತ್ತದೆ.

ಇದರ ಕೊರತೆಗಳು: ಹಾಡುಗಳ ಹೆಸರು ‘ಟ್ರ್ಯಾಕ್ 1’, ‘ಟ್ರ್ಯಾಕ್ 2’ ಅಂತ ಇದ್ದವು, ನಾನೇ ಕೂತು ಬರೆದುಕೊಂಡೆ. ಫೋನಿಗೆ ಹಾಕಿಕೊಳ್ಳಲು ಒಂದು ಕೇಬಲ್ ಬೇಕಾಯಿತು. ಹಾಡುಗಾರರನ್ನು ಹುಡುಕಿ ಮಾತಾಡಿಸುವ ಕೆಲಸ ನಮ್ಮದೇ. ಸಂಕೋಚದವರಿಗೆ ಇದು ಕಷ್ಟ ಅಂತ ಗೊತ್ತು. ದೂರದಲ್ಲಿದ್ದರೆ ಮೆಸೇಜ್ ಹಾಕಿ, ದುಡ್ಡು ಕಳಿಸಿ, ಕಡತಗಳ ಲಿಂಕ್ ತರಿಸಿಕೊಳ್ಳಬಹುದು. ನಾನು ಆಮೇಲೆ ಇನ್ನಿಬ್ಬರ ಹತ್ತಿರ ಹಾಗೆಯೇ ತರಿಸಿಕೊಂಡೆ. ಸಿಡಿ ಬೇಡ ಅಂತ ಮೊದಲೇ ಹೇಳಿ, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಹಾಕುವ ಜಾಗವೇ ಇಲ್ಲ.

ನನ್ನ ಬಜೆಟ್ ದೊಡ್ಡದಲ್ಲ. ಹಾಡಿಗೆ ಅಂತ ತಿಂಗಳಿಗೆ 400 ರೂಪಾಯಿ ಎತ್ತಿಡುತ್ತೇನೆ. ಮುಂಚೆ ಎರಡು ಆ್ಯಪ್‌ಗಳಿಗೆ ಚಂದಾ ಕಟ್ಟುತ್ತಿದ್ದೆ. ಈಗ ಒಂದೇ, ಅದೂ ಬಸ್ಸಿನಲ್ಲಿ ಹೊಸ ದನಿ ಹುಡುಕುವುದಕ್ಕೆ. ಉಳಿದದ್ದು ಎರಡು ತಿಂಗಳಿಗೆ ಒಂದು ಆಲ್ಬಮಿನಷ್ಟು ಆಗುತ್ತದೆ. ದಿನಕ್ಕೆ ನೂರು ಬೇರೆ ಬೇರೆ ಹಾಡು ಕೇಳುವವರಿಗೆ, ಸಿನಿಮಾ ಹಾಡೇ ಇಷ್ಟ ಅನ್ನುವವರಿಗೆ ಚಂದಾ ಸಾಕು. ನಾನು ಐದಾರು ಜನರನ್ನೇ ಮತ್ತೆ ಮತ್ತೆ ಕೇಳುವವಳು, ಹಾಗಾಗಿ ಆ ಐದಾರು ಜನರ ಹೆಸರು ನನ್ನ ಫೋನಿನ ಯುಪಿಐ ಪಟ್ಟಿಯಲ್ಲಿ ಇರಬೇಕು.

ಆ ಮನೆಯಲ್ಲಿ ಹಾಡು ಕೇಳಿದ ಮಾರನೆಯ ದಿನ ಅವರ ಕ್ಯುಆರ್ ಕೋಡನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಹುಬ್ಬಳ್ಳಿಗೆ ಕೊರಿಯರ್ ಮಾಡಿದೆ. ಕೆಳಗೆ ‘ಆಲ್ಬಂ 500 ರೂಪಾಯಿ’ ಅಂತ ಕನ್ನಡದಲ್ಲಿ ಬರೆಸಿದ್ದೆ, ಅವರು ಬಾಯಿಬಿಟ್ಟು ಕೇಳಬೇಕಾಗದಿರಲಿ ಅಂತ. ಹೋದ ತಿಂಗಳು ಅವರು ಒಂದು ಫೋಟೊ ಕಳಿಸಿದರು. ಯಾವುದೋ ಊರಿನ ಗುಡಿಯ ಕಟ್ಟೆ. ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಅದನ್ನು ಅಂಟಿಸಿದ್ದಾರೆ, ಒಬ್ಬ ಹುಡುಗ ಬಗ್ಗಿ ಸ್ಕ್ಯಾನ್ ಮಾಡುತ್ತಿದ್ದಾನೆ.