ಪೇಂಟ್ ಮೀಟರ್ ರಿವ್ಯೂ: ಹಳೇ ಮಸಲ್ ಕಾರ್ ನಿಜವಾಗ್ಲೂ ಒರಿಜಿನಲ್ಲಾ ಅಂತ ಇದು ಹೇಳುತ್ತಾ?

ಪೇಂಟ್ ದಪ್ಪ ಅಳೆಯೋ ಮೀಟರ್, ಅಂಗೈ ಸೈಜು, ಸ್ಟೀಲ್ ಮೇಲೂ ಅಲ್ಯೂಮಿನಿಯಂ ಮೇಲೂ ನಡೆಯೋ ಡ್ಯುಯಲ್ ಮಾಡೆಲ್. ತಗೊಂಡಿದ್ದು ಒಂದೇ ಕಾರಣಕ್ಕೆ, ಅಮೆರಿಕದ ಹಳೇ ಮಸಲ್ ಕಾರ್ (ದೊಡ್ಡ ಇಂಜಿನ್ ಹಾಕಿದ ಸ್ಪೀಡ್ ಕಾರು) ಮಾರೋರು ಎಲ್ರೂ ಸರ್ವೈವರ್, ಅನ್‌ರಿಸ್ಟೋರ್ಡ್, ಆಲ್ ಒರಿಜಿನಲ್, ಅಂದ್ರೆ ಫ್ಯಾಕ್ಟರಿಯಿಂದ ಬಂದಂಗೇ ಉಳಿದಿದೆ ಅಂತಾನೇ ಬರೀತಾರೆ, ಹತ್ರ ಹೋಗಿ ಬಗ್ಗಿ ನೋಡಿದ್ರೆ ಡೋರ್ ರಬ್ಬರ್ ಮೇಲೆಲ್ಲಾ ಓವರ್‌ಸ್ಪ್ರೇ, ಅಂದ್ರೆ ಮತ್ತೆ ಪೇಂಟ್ ಹೊಡೆವಾಗ ಪಕ್ಕಕ್ಕೆ ಹಾರಿದ ಬಣ್ಣ.

ಮೊದ್ಲು ಒಳ್ಳೇದು ಹೇಳ್ತೀನಿ. 60ರ ಕೊನೆ, 70ರ ಶುರುವಿನ ಕಾರಲ್ಲಿ ಫ್ಯಾಕ್ಟರಿ ಪೇಂಟ್ ಸುಮಾರು 75ರಿಂದ 150 ಮೈಕ್ರಾನ್ ಆಸುಪಾಸು ಇರುತ್ತೆ, ಅದರ ಮೇಲೇ ಇನ್ನೊಂದ್ ಸಲ ಹೊಡೆಸಿದ್ರೆ ನಂಬರ್ ಹೆಚ್ಚುಕಮ್ಮಿ ಡಬಲ್ ಆಗುತ್ತೆ, ಒಳಗೆ ಪುಟ್ಟಿ ತುಂಬಿದ್ರೆ ಮೀಟರ್ ಎಲ್ಲೆಲ್ಲೋ ಹಾರುತ್ತೆ ಇಲ್ಲಾ ರೀಡಿಂಗೇ ಕೊಡಲ್ಲ. ಹಿಂದಿನ ಕ್ವಾರ್ಟರ್ ಪ್ಯಾನೆಲ್‌ನಲ್ಲಿ (ಹಿಂದಿನ ಚಕ್ರದ ಸುತ್ತ ಇರೋ ಬಾಡಿ ಭಾಗ) ಚಕ್ರದ ಮೇಲ್ಭಾಗ, ಡೋರ್ ಕೆಳಗಡೆ ಅಂಚು, ಇವೆರಡು ಕಡೆ ಇಟ್ರೆ ಸಾಕು, ತುಕ್ಕು ರಿಪೇರಿ ಮಾಡಿ ಮುಚ್ಚಿದ್ದು ಹೆಚ್ಚಿನ ಸಲ ಅಲ್ಲೇ ಸಿಕ್ಕಿಬೀಳುತ್ತೆ.

ಆದ್ರೆ ಮಾಲೀಕರ ಜೊತೆ ಜಗಳ ಆಡೋಕ್ ಮುಂಚೆ ಒಂದ್ ವಿಷ್ಯ. ರೂಫ್ ಮತ್ತೆ ಕ್ವಾರ್ಟರ್ ಪ್ಯಾನೆಲ್ ಸೇರೋ ಜಾಗದಲ್ಲಿ ಫ್ಯಾಕ್ಟರಿಯಲ್ಲೇ ಸೀಸ ಕರಗಿಸಿ ಜಾಯಿಂಟ್ ತುಂಬ್ತಿದ್ರು, ಸ್ಟೀಲ್ ಮೇಲೆ ಮೀಟರ್ ಅಳೆಯೋದು ಮ್ಯಾಗ್ನೆಟ್ ಬಲದಿಂದ, ಸೀಸಕ್ಕೆ ಮ್ಯಾಗ್ನೆಟ್ ಹಿಡಿಯಲ್ಲ, ಹಾಗಾಗಿ ಅಲ್ಲಿ ನಂಬರ್ ವಿಚಿತ್ರವಾಗಿ ಬರೋದು ನಾರ್ಮಲ್, ಅದು ಪುಟ್ಟಿ ಅಲ್ಲ. ಷೆವರ್ಲೆ (ಷೆವಿ) ಕಾರ್ವೆಟ್ ಹತ್ರ ಅಂತೂ ಇದನ್ನ ತಗೊಂಡ್ ಹೋಗೋದೇ ಬೇಡ, ಬಾಡಿ ಫೈಬರ್‌ಗ್ಲಾಸು, ಸ್ಕ್ರೀನ್ ಸುಮ್ನೆ ಕೂತಿರುತ್ತೆ.

ಇನ್ನೊಂದು ದೊಡ್ಡ ಮಿತಿ ಏನಪ್ಪಾ ಅಂದ್ರೆ, ಹಳೇ ಪೇಂಟ್ ಪೂರ್ತಿ ಕಿತ್ತು ತೆಗೆದು ತೆಳ್ಳಗೆ ನೀಟಾಗಿ ಹೊಸದು ಹೊಡೆದಿದ್ರೆ ಮೀಟರ್ ಪಾಪ 110 ಅಂತ ತೋರಿಸಿ ಸುಮ್ನಾಗುತ್ತೆ. ಥರ್ಮಾಮೀಟರ್ ಜ್ವರ ಇದೆ ಅನ್ನುತ್ತೆ, ಯಾವ ಜ್ವರ ಅಂತ ಹೇಳಲ್ವಲ್ಲ, ಹಂಗೇ. ಅಲ್ಲಿಂದ ಮುಂದೆ ಕಣ್ಣೇ ಕೆಲಸ ಮಾಡ್ಬೇಕು. ಜಿಎಂ (ಜನರಲ್ ಮೋಟಾರ್ಸ್, ಷೆವಿ, ಪಾಂಟಿಯಾಕ್ ಎಲ್ಲಾ ಇವರದೇ) ಕಾರುಗಳಿಗೆ ಆಗ ಅಕ್ರಿಲಿಕ್ ಲ್ಯಾಕರ್ ಹೊಡೀತಿದ್ರು, ಅದು ವಯಸ್ಸಾದಂಗೆ ಸಣ್ಣ ಸಣ್ಣ ಬಿರುಕು ಬಿಡುತ್ತೆ, ಫೋರ್ಡ್ ಮತ್ತೆ ಕ್ರೈಸ್ಲರ್ ಎನಾಮೆಲ್, ಅದರಲ್ಲಿ ಕಿತ್ತಳೆ ಸಿಪ್ಪೆ ಥರ ಉಬ್ಬುತಗ್ಗು ಫ್ಯಾಕ್ಟರಿಯಿಂದ್ಲೇ ಇರೋದು. ಅಂದ್ರೆ ಕನ್ನಡಿ ಥರ ಹೊಳೀತಿದ್ರೆ ಖುಷಿ ಪಡಬೇಡಿ, ಅನುಮಾನ ಪಡಿ. ಆಗಿನ ಅಸೆಂಬ್ಲಿ ಲೈನಿಗೆ ಅಷ್ಟು ಪುರುಸೊತ್ತು ಎಲ್ಲಿತ್ತು, ಬಾನೆಟ್ ಕೆಳಗೆ ಪೇಂಟ್ ಅರ್ಧಂಬರ್ಧ, ಫೈರ್‌ವಾಲ್ (ಇಂಜಿನ್‌ಗೂ ಒಳಗಿನ ಸೀಟ್‌ಗಳಿಗೂ ನಡುವಿನ ತಗಡು) ಮೇಲೆ ಕ್ರೇಯಾನ್ ಗೀಚು, ಸಸ್ಪೆನ್ಷನ್ ಬೋಲ್ಟ್ ಮೇಲೆ ಬಣ್ಣದ ಚುಕ್ಕೆ, ಫ್ಯಾಕ್ಟರಿಯವರು ಹಾಕಿದ ಗುರುತುಗಳು, ಇವೇ ನಿಜವಾದ ಸಾಕ್ಷಿ. (ಈಗ ರಿಸ್ಟೋರ್ ಮಾಡೋರು ಆ ಗೀಚುಗಳನ್ನೂ ಹೊಸದಾಗಿ ಹಾಕ್ತಾರೆ, ತೀರಾ ಫ್ರೆಶ್ ಆಗಿ ಕಂಡ್ರೆ ನಗು ಬರುತ್ತೆ.)

ನಂಬರ್ಸ್ ಮ್ಯಾಚಿಂಗ್ (ಇಂಜಿನ್ ಮೇಲಿನ ನಂಬರ್ ಕಾರಿನ ನಂಬರಿಗೆ ಹೊಂದೋದು) ಅಂತ ಹೇಳಿದ ತಕ್ಷಣ ಒರಿಜಿನಲ್ ಅಂದ್ಕೊಳ್ಳೋರು ಇದಾರೆ, ಅದು ಬೇರೆ ಇದು ಬೇರೆ. ಅದೇ ಇಂಜಿನ್ ಇಟ್ಕೊಂಡು ನಟ್ಟುಬೋಲ್ಟ್ ಸಮೇತ ಬಿಚ್ಚಿ ರಿಸ್ಟೋರ್ ಮಾಡಿರಬಹುದು, ಉಲ್ಟಾ, ವಾರಂಟಿಯಲ್ಲಿ ಇಂಜಿನ್ ಬದಲಾದ ಕಾರಲ್ಲಿ ಪೇಂಟು, ಸೀಟು, ಕಾರ್ಪೆಟ್ ಎಲ್ಲಾ ಹುಟ್ಟಿದಾಗಿಂದ ಹಂಗೇ ಇರಬಹುದು. ಷೆವಿ ವಿ8 ಆದ್ರೆ ಬ್ಲಾಕ್ ಮುಂದೆ ಪ್ಯಾಸೆಂಜರ್ ಕಡೆ (ಅಮೆರಿಕದ ಕಾರಲ್ಲಿ ಬಲಗಡೆ) ನಂಬರ್ ಹೊಡೆಯೋ ಸಮತಟ್ಟು ಜಾಗ, ಸ್ಟ್ಯಾಂಪ್ ಪ್ಯಾಡ್ ನೋಡಿ, ಫ್ಯಾಕ್ಟರಿ ಮೆಷಿನ್ ಮಾಡಿದ ಸಣ್ಣ ಗೆರೆಗಳು ಅಲ್ಲಿರ್ಬೇಕು, ನುಣ್ಣಗಿದ್ರೆ ಉಜ್ಜಿ ಹೊಸ ನಂಬರ್ ಹೊಡೆದಿರೋ ಚಾನ್ಸ್ ಇದೆ, ಇಲ್ಲಾ ಇಂಜಿನ್ ರೀಬಿಲ್ಡ್ ಮಾಡುವಾಗ ಬ್ಲಾಕ್ ಮೇಲ್ಮೈನ ಮೆಷಿನ್‌ನಲ್ಲಿ ಉಜ್ಜಿಸಿ ಸಮ ಮಾಡಿಸಿರಬಹುದು. ಗ್ಲಾಸ್ ಮೇಲಿನ ಡೇಟ್ ಕೋಡೂ ಕಾರ್ ತಯಾರಾದ ದಿನಕ್ಕಿಂತ ಸ್ವಲ್ಪ ಮುಂಚಿಂದೇ ಇರ್ಬೇಕು, ಆಮೇಲಿಂದಿದ್ರೆ ಒಡೆದು ಬದಲಾಯಿಸಿದ್ದು. ಟೈರ್, ಬೆಲ್ಟ್, ಬ್ಯಾಟರಿ, ಎಕ್ಸಾಸ್ಟ್ ಬದಲಾಗಿದ್ರೆ ನಾನಂತೂ ತಲೆ ಕೆಡಿಸ್ಕೊಳ್ಳಲ್ಲ, ಸವೆಯೋ ವಸ್ತು ಸವೆಯುತ್ತೆ.

ಫೋರ್ಡ್ ಆದ್ರೆ 1967ರ ಮಾಡೆಲಿಂದ ಈಚೆಗೆ ಮಾರ್ಟಿ ರಿಪೋರ್ಟ್ (ಕಾರ್ ಹೇಗೆ ತಯಾರಾಯ್ತು ಅಂತ ಫ್ಯಾಕ್ಟರಿ ದಾಖಲೆಯಿಂದ ತೆಗೆದು ಕೊಡೋದು) ಸಿಗುತ್ತೆ, ಪಾಂಟಿಯಾಕ್‌ಗೆ ಅದೇ ಥರದ ಪಿಎಚ್‌ಎಸ್ ಪೇಪರ್ಸ್, ಡಾಡ್ಜ್ ಪ್ಲಿಮತ್ ಆದ್ರೆ ಸೀಟ್ ಸ್ಪ್ರಿಂಗ್ ಒಳಗೆ ಸಿಕ್ಕಿಹಾಕ್ಕೊಂಡಿರೋ ಬ್ರಾಡ್‌ಕಾಸ್ಟ್ ಶೀಟ್ (ಕಾರಿಗೆ ಏನೇನು ಹಾಕ್ಬೇಕು ಅಂತ ಅಸೆಂಬ್ಲಿ ಲೈನಿಗೆ ಕೊಡ್ತಿದ್ದ ಕಾಗದ) ಹುಡುಕಿ. ಕಾರ್ ಯಾವ ಬಣ್ಣದಲ್ಲಿ ಹೊರಗೆ ಬಂತು ಅಂತ ಪೇಪರ್ ಹೇಳುತ್ತೆ, ಆ ಬಣ್ಣ ಅದೇ ಹಳೇ ಪೇಂಟಾ ಅಂತ ಹೇಳಲ್ಲ, ಮೀಟರ್ ಉಪಯೋಗಕ್ಕೆ ಬರೋದು ಇಲ್ಲೇ.

ಮೀಟರ್ ಬಗ್ಗೆ ಕೊನೇದಾಗಿ, ಮ್ಯಾಗ್ನೆಟ್ ಮಾತ್ರ ಇರೋ ಪೆನ್ ಥರದ್ದು ತಗೋಬೇಡಿ, ಬರೀ ಅಂದಾಜು. ಡಿಜಿಟಲ್ ತಗೊಳ್ಳಿ, ಜೊತೆಗೆ ಬರೋ ಪ್ಲೇಟ್ ಮೇಲಿಟ್ಟು ಪ್ರತಿ ಸಲ ಝೀರೋ ಮಾಡಿ, ಒಂದ್ ಪ್ಯಾನೆಲ್‌ಗೆ ಒಂದೇ ರೀಡಿಂಗ್ ನಂಬ್ಬೇಡಿ, ಅಲ್ಲಲ್ಲಿ ಇಟ್ಟು ನೋಡಿ. ಮುಟ್ಟೋಕ್ ಮುಂಚೆ ಮಾಲೀಕರನ್ನ ಕೇಳಿ, ಬೇಡ ಅಂದ್ರೆ ಅದೂ ಒಂಥರಾ ರೀಡಿಂಗೇ. ಐದರಲ್ಲಿ ಮೂರೂವರೆ ಸ್ಟಾರ್.