ಪಿಎಚ್‌ಡಿ ಬಿಟ್ಟು ಡಾಕ್ಟರ್ ಆಗಬೇಕಾದರೆ: ಬಳ್ಳಾರಿಯಿಂದ ನೀಟ್, ಇಲ್ಲವೇ ಅಮೆರಿಕದ ಅರ್ಜಿ

ಅಮೆರಿಕದಲ್ಲಿ ಪಿಎಚ್‌ಡಿ ಅರ್ಧಕ್ಕೆ ಬಿಟ್ಟು ಬಳ್ಳಾರಿಗೆ ಬಂದ ನಮ್ಮ ಚಿಕ್ಕಪ್ಪನ ಮಗಳು ಕೇಳಿದಳು: ‘ಅಕ್ಕಾ, ಮೆಡಿಕಲ್‌ಗೆ ಯಾವ ಕಡೆ ಹೋಗ್ಲಿ?’

ಇಲ್ಲಿ ನೀಟ್‌ನಲ್ಲಿ 720ಕ್ಕೆ ಎಷ್ಟು ಬಂತು ಅನ್ನುವುದೇ ಲೆಕ್ಕ. ಓದು ಯಾಕೆ ಬಿಟ್ಟೆ ಅಂತ ಕೌನ್ಸೆಲಿಂಗ್‌ನಲ್ಲಿ ಯಾರೂ ಕೇಳುವುದಿಲ್ಲ, ಗರಿಷ್ಠ ವಯೋಮಿತಿಯೂ ಈಗಿಲ್ಲ. ಆದರೆ ಪಿಯುಸಿ ಫಿಸಿಕ್ಸನ್ನು ಮೊದಲಿಂದ ಓದಬೇಕು. ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜಿನ (ಹಿಂದಿನ ವಿಮ್ಸ್) ಸೀಟು ಸುಮ್ಮನೆ ಸಿಗುವಂಥದ್ದಲ್ಲ.

ಅಮೆರಿಕದಲ್ಲಿ ಓದು ಬಿಟ್ಟದ್ದನ್ನು ಮುಚ್ಚಿಡುವ ಹಾಗೇ ಇಲ್ಲ. ಅಲ್ಲಿನ ಬಹುತೇಕ ಮೆಡಿಕಲ್ ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಆಮ್ಕಾಸ್ (AMCAS) ಅರ್ಜಿಯಲ್ಲಿ ಅರ್ಧಕ್ಕೆ ಬಿಟ್ಟ ಕೋರ್ಸನ್ನೂ ತೋರಿಸಬೇಕು. ‘ಯಾಕೆ ಡಾಕ್ಟರ್’ ಅನ್ನುವ ಪ್ರಬಂಧಕ್ಕೆ ಇರುವುದು 5,300 ಅಕ್ಷರಗಳ ಜಾಗ. ಅವಳ ಕರಡಿನಲ್ಲಿ ಕಾಲುಭಾಗ ಪಿಎಚ್‌ಡಿ ಗೈಡ್ ಮೇಲಿನ ದೂರೇ ಇತ್ತು. ದೂರು ನಿಜವೇ, ಆದರೂ ಹೊಡೆದುಹಾಕಿಸಿದೆ. ಓದುವವರಿಗೆ ಬೇಕಾದದ್ದು ಇವಳು ಇದನ್ನೂ ಬಿಡುತ್ತಾಳಾ ಅನ್ನುವುದಕ್ಕೆ ಉತ್ತರ. ಉಳಿದದ್ದು ಇಷ್ಟು: ‘ಲ್ಯಾಬಿನಲ್ಲಿ ಜೀವಕೋಶಗಳ ಜೊತೆ ಇದ್ದೆ, ರೋಗಿಗಳ ಜೊತೆ ಇರಬೇಕೆನ್ನಿಸಿತು. ಕೈಲಿದ್ದ ಕೆಲಸ ಒಪ್ಪಿಸಿ ಬಂದೆ.’ ಇಂಟರ್‌ವ್ಯೂನಲ್ಲೂ ಇದನ್ನೇ ಹೇಳು ಅಂದೆ.

ಆದರೆ ಅವಳಿಗೆ ಗ್ರೀನ್ ಕಾರ್ಡ್ ಇಲ್ಲ. ಇಲ್ಲದವರನ್ನು ಅಲ್ಲಿನ ಬಹಳಷ್ಟು ಮೆಡಿಕಲ್ ಕಾಲೇಜುಗಳು ತೆಗೆದುಕೊಳ್ಳುವುದೇ ಇಲ್ಲ. ಅದಕ್ಕೇ ನನ್ನ ಮಾತು ನೀಟ್ ಕಡೆಗೆ.