‘12 ಆಂಗ್ರಿ ಮೆನ್’ ಬ್ಲೂ-ರೇ: ಹನ್ನೊಂದನೆಯ ಕುರ್ಚಿಯಲ್ಲಿ ಕುಳಿತವನು

ಕೊಲೆ ಆರೋಪ ಹೊತ್ತ ಹುಡುಗನೊಬ್ಬನ ತಪ್ಪು-ಒಪ್ಪನ್ನು ಹನ್ನೆರಡು ಮಂದಿಯ ಜ್ಯೂರಿ (ನ್ಯಾಯಾಲಯ ಕರೆಸಿದ ಸಾಮಾನ್ಯ ನಾಗರಿಕರ ಮಂಡಳಿ) ತೀರ್ಮಾನಿಸುವ ಕಥೆಯ, ಸಿಡ್ನಿ ಲುಮೆಟ್ ನಿರ್ದೇಶನದ 1957ರ ‘12 ಆಂಗ್ರಿ ಮೆನ್’ ಹಲವು ಡಿಸ್ಕ್‌ಗಳಲ್ಲಿ ಸಿಗುತ್ತದೆ. ಇಲ್ಲಿ ಹೇಳಹೊರಟಿರುವುದು, 96 ನಿಮಿಷಗಳ ಚಿತ್ರದ ಜೊತೆಗೆ 1954ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ನೇರ ಪ್ರಸಾರವಾದ ಮೂಲ ಟೆಲಿವಿಷನ್ ನಾಟಕವನ್ನೂ ಕೊಡುವ ಬ್ಲೂ-ರೇ ಆವೃತ್ತಿಯ ಬಗ್ಗೆ. ಹೆಚ್ಚಿನವರು ಇದನ್ನು ಚಿತ್ರದ ನಾಯಕ ನಟ ಹೆನ್ರಿ ಫಾಂಡಾಗಾಗಿ ಕೊಳ್ಳುತ್ತಾರೆ. ನಾನು ಕೊಂಡದ್ದು ಎರಡರಲ್ಲೂ ಹನ್ನೊಂದನೆಯ ಜ್ಯೂರಿ ಸದಸ್ಯನಾಗಿರುವ ಜಾರ್ಜ್ ವೋಸ್ಕೊವೆಕ್‌ಗಾಗಿ.

ಪಾತ್ರ ಚಿಕ್ಕದು. ಯುರೋಪಿನಿಂದ ಬಂದ ಗಡಿಯಾರ ತಯಾರಕ. ಮಿತಭಾಷಿ, ಅತಿ ವಿನಯಿ. ಹತ್ತನೆಯ ಸದಸ್ಯ ಆರೋಪಿ ಹುಡುಗನನ್ನು ಹಳಿಯುತ್ತ, ಅವನಿಗೆ ನೆಟ್ಟಗೆ ಇಂಗ್ಲಿಷ್ ಕೂಡ ಬರುವುದಿಲ್ಲವೆಂದು ತಪ್ಪು ಇಂಗ್ಲಿಷಿನಲ್ಲೇ ಹೇಳಿದಾಗ, ಅವನ ‘ಡೋಂಟ್’ ಅನ್ನು ‘ಡಸಂಟ್’ ಎಂದು ತಿದ್ದುವವನು ಈ ವಲಸಿಗ. ಆ ತಿದ್ದುಪಡಿಯಲ್ಲಿ ಗೆದ್ದ ಗರ್ವವಿಲ್ಲ. ಕಷ್ಟಪಟ್ಟು ಕಲಿತ ವ್ಯಾಕರಣ ತಾನಾಗಿಯೇ ಬಾಯಿಂದ ಜಾರಿಬಿದ್ದಂತಿದೆ. ಮೊದಲ ಸಲ ಸಬ್‌ಟೈಟಲ್ ಓದುತ್ತ ನೋಡಿದಾಗ ನನಗೆ ದಕ್ಕಿದ್ದು ಬರಿಯ ನಗೆಹನಿ. ಸಬ್‌ಟೈಟಲ್ ತೆಗೆದು ನೋಡಿದಾಗಲೇ ಆ ಉಚ್ಚಾರದ ಭಾರ ಕಿವಿಗೆ ಬಿತ್ತು.

ಏಕೆಂದರೆ ಈ ನಟ ಮಾತಿನಿಂದಲೇ ಬದುಕಿದ್ದವನು. ಬೊಹೀಮಿಯದ (ಇಂದಿನ ಚೆಕ್ ಗಣರಾಜ್ಯದ ಭಾಗ) ಸಾಜವಾದಲ್ಲಿ 1905ರಲ್ಲಿ ಹುಟ್ಟಿದ ಯಿರ್ಜಿ ವೋಸ್ಕೊವೆಟ್ಸ್ (ಇದೇ ವೋಸ್ಕೊವೆಕ್‌ನ ಚೆಕ್ ಹೆಸರು), 1927ರಿಂದ ಗೆಳೆಯ ಯಾನ್ ವೆರಿಖ್ ಜೊತೆಗೂಡಿ ಪ್ರಾಗ್ ನಗರವನ್ನು ನಗಿಸಿದವನು. ಇಬ್ಬರೂ ಮುಖಕ್ಕೆ ಬಿಳಿ ಬಳಿದುಕೊಂಡು, ಪರದೆಯ ಮುಂದೆ ನಿಂತು ನಡೆಸುತ್ತಿದ್ದ ಸಂಭಾಷಣೆಗಳ ಜೀವಾಳ ಚೆಕ್ ಭಾಷೆಯ ಶ್ಲೇಷೆ. ನಾಜಿಗಳನ್ನು ಗೇಲಿ ಮಾಡಿದ ಅವರ ರಂಗಮಂದಿರ 1938ರಲ್ಲಿ ಮುಚ್ಚಿತು. 1939ರ ಆರಂಭದಲ್ಲಿ ಇಬ್ಬರೂ ಅಮೆರಿಕಕ್ಕೆ ಹೊರಟರು. ಯುದ್ಧ ಮುಗಿದು ಪ್ರಾಗ್‌ಗೆ ಮರಳಿದ ವೋಸ್ಕೊವೆಟ್ಸ್, 1948ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ಮೇಲೆ ಮತ್ತೆ ದೇಶ ಬಿಟ್ಟ. ವೆರಿಖ್ ಅಲ್ಲೇ ಉಳಿದ. ಶ್ಲೇಷೆಯ ಜೋಡಿಯಲ್ಲಿ ಒಬ್ಬನೇ ಉಳಿದರೆ ಏನಾದೀತು?

1950ರಲ್ಲಿ ಅಮೆರಿಕಕ್ಕೆ ಮತ್ತೆ ಬಂದಾಗ, ಎಡಪಂಥೀಯನೆಂಬ ಶಂಕೆಯ ಮೇಲೆ ಅವನನ್ನು ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪದಲ್ಲಿ ತಿಂಗಳುಗಟ್ಟಲೆ ಕೂಡಿಹಾಕಲಾಗಿತ್ತು. ಇದನ್ನು ತಿಳಿದು ನೋಡಿದರೆ, ಅಪರಿಚಿತನೊಬ್ಬನ ತಪ್ಪು-ಒಪ್ಪು ತೀರ್ಮಾನಿಸಲು ಅಂಚೆಯಲ್ಲಿ ಕರೆ ಬರುವ ವ್ಯವಸ್ಥೆಯನ್ನು ಅವನು ಮೆಚ್ಚಿ ಮಾತನಾಡುವ ದೃಶ್ಯ ಬೇರೆಯೇ ಆಗುತ್ತದೆ. ಬೇಸ್‌ಬಾಲ್ ಆಟಕ್ಕೆ ಹೊತ್ತಾಯಿತೆಂದು ಮತ ಬದಲಿಸುವ ಏಳನೆಯ ಸದಸ್ಯನ ಮೇಲೆ ಅವನು ಸಿಡಿಯುವುದೂ ಅಷ್ಟೇ.

ಡಿಸ್ಕ್‌ನ ದೊಡ್ಡ ಕೊರತೆಯೂ ಇಲ್ಲೇ. ಲುಮೆಟ್ ಬಗ್ಗೆ, ಲೇಖಕ ರೆಜಿನಾಲ್ಡ್ ರೋಸ್ ಬಗ್ಗೆ, ಛಾಯಾಗ್ರಾಹಕ ಬೋರಿಸ್ ಕೌಫ್‌ಮನ್ ಬಗ್ಗೆ ಸಂದರ್ಶನಗಳಿವೆ. ವೋಸ್ಕೊವೆಕ್ ಬಗ್ಗೆ ಪ್ರತ್ಯೇಕವಾಗಿ ಹತ್ತು ನಿಮಿಷವೂ ಇಲ್ಲ.

ಚಿತ್ರದ ಕಪ್ಪು-ಬಿಳುಪು ನೆರಳುಗಳು ಸ್ವಚ್ಛವಾಗಿವೆ. ಬೆವರಿನ ಹನಿ ಕೂಡ ಕಾಣುತ್ತದೆ. ಟೆಲಿವಿಷನ್ ನಾಟಕ ಮಾತ್ರ ಮಸುಕು. ಪ್ರಸಾರದ ತೆರೆಯನ್ನೇ ಚಿತ್ರೀಕರಿಸಿದ ಪ್ರತಿಯಾದ್ದರಿಂದ ಅದು ತಯಾರಕರ ತಪ್ಪಲ್ಲ. ಪೂರ್ಣ ಪ್ರತಿ ಸಿಕ್ಕಿದ್ದೇ 2003ರಲ್ಲಿ. ಕೊಳ್ಳುವವರು ಮೊದಲು ನಾಟಕವನ್ನು, ಆಮೇಲೆ ಚಿತ್ರವನ್ನು ನೋಡುವುದು ಒಳ್ಳೆಯದು: ನೇರ ಪ್ರಸಾರದ ಧಾವಂತದಿಂದ ಬಿಡುಗಡೆಗೊಂಡ ಅದೇ ನಟ, ಚಿತ್ರದಲ್ಲಿ ಬಾಯಿ ತೆರೆಯುವ ಮುನ್ನ ಎಷ್ಟು ಹೊತ್ತು ಸುಮ್ಮನಿರುತ್ತಾನೆಂಬುದನ್ನು ಆಗ ಗಮನಿಸಬಹುದು.